ಮೋನಮ್ಮನ ಕುಣಿಗೆ ತಂದ ನೀರು

ಬಕ್ಕಪ್ಪ ಕುಂಚವನ್ನು ಕರಿಬಣ್ಣದಲ್ಲಿ ಅದ್ದಿ, ಶಿಲುಬೆಯ ಅಡ್ಡಪಟ್ಟಿಯವರೆಗೆ ತಂದು, ಅಲ್ಲೇ ತಡೆದು ನಿಂತ. ತುದಿಯ ಹನಿ ಜಾರಿ ಬಿಳಿ ಕಟ್ಟಿಗೆಯ ಮೇಲೆ ಟಪ್ಪನೆ ಬಿತ್ತು.

“ಯವ್ವಾ ಸ್ವರೂಪಾ, ನಿಮ್ಮವ್ವನ ಗುಡಿ ಹೆಸರೇನು?”

ತಾಯಿಯ ಹೆಣದ ಕಾಲ ಬಳಿ ಕೂತು ನೊಣ ಓಡಿಸುತ್ತಿದ್ದ ಸ್ವರೂಪಾ ತಲೆ ಎತ್ತಿದಳು. “ಮೋನಮ್ಮ ಅಂತ ಬರಿ ಕಾಕಾ. ಮತ್ತೇನದ?”

“ಅದು ಮನಿ ಹೆಸರವ್ವಾ. ಜ್ಞಾನಸ್ನಾನದಾಗ ಇಟ್ಟ ಹೆಸರು ಬೇಕು. ನಾ ಮನ್ಯಾಗ ಬಕ್ಕಪ್ಪ, ಗುಡ್ಯಾಗ ಅಂತೋಣಿ. ಎರಡೂ ಬರೀಲಿಲ್ಲಂದ್ರ ಮ್ಯಾಲ ಹೋದಾಗ ಹ್ಯಾಂಗ ಗುರ್ತು ಹಿಡೀತಾರ?”

ಸ್ವರೂಪಾಗೆ ಹೊಳೆಯಲಿಲ್ಲ. ಚಪ್ಪರದ ಗಳಕ್ಕೆ ಹಗ್ಗ ಬಿಗಿಯುತ್ತಿದ್ದ ತಮ್ಮ ದೇವಿದಾಸನನ್ನು ಕೂಗಿದಳು. “ತಮ್ಮಾ, ಅಪ್ಪ ಸತ್ತ ಮರುವರ್ಷ ಪಾಸ್ಕ ಹಬ್ಬಕ್ಕ ಅವ್ವಗ ಜ್ಞಾನಸ್ನಾನ ಮಾಡಿಸಿದ್ಯಲ್ಲ, ಏನು ಹೆಸರಿಟ್ರು?”

“ನಾ ಎಲ್ಲಿ ಮಾಡಿಸ್ದೆ? ಆ ಪಾಸ್ಕಕ್ಕ ಅಕಿ ತಾಂಡೂರಾಗ ನಿನ್ನ ಮನ್ಯಾಗ ಇದ್ದಳು. ನೀನೇ ಮಾಡಿಸಿದ್ದಿ.”

“ಅಯ್ಯ ನನ ದೇವ್ರೇ! ನೀ ಮಾಡಿಸೀದಿ ಅಂತ ನಾ ಇಲ್ಲಿತನಕ ತಿಳ್ಕೊಂಡೀನಲ್ಲೋ!”

ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡಿದರು. ಅಂಗಳದಲ್ಲಿ ಜಪಮಾಲೆ ಹೇಳುತ್ತಿದ್ದ ಹೆಂಗಸರ ದನಿ ಒಂದೊಂದಾಗಿ ಇಳಿಯಿತು. ಬಕ್ಕಪ್ಪ ಕುಂಚವನ್ನು ಮೆಲ್ಲನೆ ಡಬ್ಬಿಯೊಳಗೆ ಇಟ್ಟ.

“ಅಂದ್ರ, ಊರಿಗೆಲ್ಲ ನೀರು ಹಾಕಿದಾಕಿಗಿ ಯಾರೂ ನೀರೇ ಹಾಕಿಲ್ಲೇನು?”

ಮೋನಮ್ಮ ಸೂಲಗಿತ್ತಿ. ಮೊಗುಡಂಪಲ್ಲಿ ಸುತ್ತಮುತ್ತ ಹುಟ್ಟಿದ ಕೂಸು ಮೊದಲು ನೋಡುವುದು ಮೋನಮ್ಮನ ಮೂಗುತಿ, ಆಮೇಲೆ ಸೂರ್ಯ ಎಂಬ ಮಾತಿತ್ತು. ಗಡಿಯಾಚೆ ಬೀದರಿನ ಕಡೆ ಯಾರಿಗಾದರೂ ಬೇನೆ ಶುರುವಾದರೆ ಇಲ್ಲಿ ಅವಳ ಬೆರಳು ತುರಿಸುತ್ತಿದ್ದವಂತೆ. ಹುಟ್ಟಿದ ಕೂಸಿನ ಉಸಿರು ನಿಂತೀತು ಅನ್ನಿಸಿದರೆ ಪಾದ್ರಿ ಬರುವ ತನಕ ಕಾಯುವುದಕ್ಕಾಗುತ್ತದೆಯೇ? ಅಂಥ ಹೊತ್ತಿನಲ್ಲಿ ಯಾರು ಬೇಕಾದರೂ ತಲೆಗೆ ನೀರು ಹಾಕಿ, ಪಿತ, ಸುತ, ಪವಿತ್ರಾತ್ಮ ಎಂದು ಮೂರು ಹೆಸರು ಹೇಳಿ ಜ್ಞಾನಸ್ನಾನ ಕೊಡಬಹುದು ಎಂದು ಕಥೋಲಿಕರ ನಿಯಮ. ಮೋನಮ್ಮ ಹಾಗೆ ಎಷ್ಟು ಕೂಸುಗಳಿಗೆ ಹಾಕಿದ್ದಳೋ, ಅವಳಿಗೂ ಗೊತ್ತಿರಲಿಲ್ಲ. ಒಮ್ಮೆ ಜಹೀರಾಬಾದಿನ ರೈಲ್ವೆ ಗೇಟಿನಲ್ಲಿ ನಿಂತ ಬಸ್ಸಿನೊಳಗೇ ಹೆರಿಗೆ ಮಾಡಿಸಿ, ನೀಲಿಗಟ್ಟಿದ ಕೂಸಿನ ನೆತ್ತಿಗೆ ಡ್ರೈವರನ ಬಾಟಲಿಯ ನೀರು ಹಾಕಿದಳು. ಕೂಸು ಅತ್ತ ಅಬ್ಬರಕ್ಕೆ ಬರುತ್ತಿದ್ದ ರೈಲೇ ಹೆದರಿ ನಿಂತು, ಬಸ್ಸಿಗೆ ದಾರಿ ಬಿಟ್ಟಿತಂತೆ. ಸುಳ್ಳೆನ್ನುವವರು ಆ ಬಸ್ಸಿನಲ್ಲಿ ಇರಲಿಲ್ಲ.

ಹಾಗೆ ಬದುಕಿದವರನ್ನೆಲ್ಲ ಮೋನಮ್ಮನ ನೀರಿನ ಮಕ್ಕಳು ಎನ್ನುತ್ತಿದ್ದರು. ಇಷ್ಟು ಜನರಿಗೆ ಜ್ಞಾನಸ್ನಾನ ಕೊಟ್ಟವಳಿಗೆ ಅದು ಆಗಿರದೆ ಇದ್ದೀತೇ? ಯಾರೂ ಕೇಳಿರಲಿಲ್ಲ.

ಚರ್ಚಿನ ಪಂಚರಲ್ಲಿ ಹಿರಿಯನಾದ ಕ್ರಾಂತಿಕುಮಾರ ಸುದ್ದಿ ಕೇಳಿ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಊರಿಗೆ ಹೊಸಬರಾದ ಫಾದರ್ ಪ್ರೇಮಕುಮಾರ ಜೊತೆಗಿದ್ದರು.

“ಫಾದರ್, ನಾನೂ ಅಕಿ ಕೈಯಾಗೇ ಬದುಕಿದಾಂವ,” ಎಂದ ಕ್ರಾಂತಿಕುಮಾರ. “ಹೇಳಾಕ ನಾಲಿಗಿ ಬರವಲ್ದು. ಆದ್ರ ಅಕಿ ಗಂಡ ಪೋಚಪ್ಪ ಸತ್ತಾಗ, ಜ್ಞಾನಸ್ನಾನ ಆಗಿಲ್ಲಂತ ನಾವೇ ಸಮಾಧಿ ನೆಲದಾಗ ಜಾಗಾ ಕೊಡಲಿಲ್ಲ. ಅವನ್ನ ಅವನ ಶುಂಠಿ ಹೊಲದಾಗ ಹೂತ್ವಿ. ಇವತ್ತ ಇಕಿಗಿ ಕೊಟ್ರ, ಅವತ್ತ ಯಾಕ ಕೊಡ್ಲಿಲ್ಲ ಅಂದ್ರ ಏನು ಹೇಳೋದು?”

“ಹಾಗಾದರೆ ಇವರನ್ನೂ ಶುಂಠಿ ಹೊಲದಲ್ಲೇ ಗಂಡನ ಪಕ್ಕ…” ಎಂದರು ಫಾದರ್.

“ಬ್ಯಾಡ್ರಿ ಫಾದರ್!” ಸ್ವರೂಪಾ ಎದ್ದೇಬಿಟ್ಟಳು. “ನಮ್ಮವ್ವ ಜೀವನದಾಗ ಒಂದೇ ಕೇಳ್ಯಾಳ್ರಿ. ಸಮಾಧಿ ನೆಲದ ಮೂಲ್ಯಾಗ, ಅಕಿ ಕೂಸಿನ ಬಾಜೂಕ ಮಲಗಸ್ರಿ ಅಂತ.”

ಫಾದರ್ ಹಣೆ ಒರೆಸಿಕೊಂಡರು. “ಸ್ವಲ್ಪ ಯೋಚಿಸಲು ಬಿಡಿ. ಕುಣಿ ಮಾತ್ರ ಈಗಲೇ ತೋಡಬೇಡಿ.”

*

ಆ ಕೂಸು ಸ್ವರೂಪಾಗಿಂತ ಮೊದಲು ಹುಟ್ಟಿದ್ದು. ಅಂಗೈಯಷ್ಟಿತ್ತು. ಸೈಕಲ್ ಮೇಲೆ ಔಷಧಿ ಚೀಲ ಹಾಕಿಕೊಂಡು ಬರುತ್ತಿದ್ದ ಚರ್ಚಿನ ಸಿಸ್ಟರಮ್ಮ ಬಾಗಿಲಲ್ಲೇ ಅದರ ಉಸಿರು ನೋಡಿ, ಆ ಮೂರು ಹೆಸರು ಹೇಳಿ ತಂಬಿಗೆಯಿಂದ ಮೂರು ಸಲ ನೀರು ಹಾಕಿದಳು. ಸಂಜೆಗೆ ಕೂಸು ಹೋಯಿತು. ಚರ್ಚಿನವರು ಅದನ್ನು ತಮ್ಮ ಮಗುವೆಂದೇ ಒಯ್ದು, ಹಾಡು ಹೇಳಿ, ಸಣ್ಣವರ ಮೂಲೆಯಲ್ಲಿ ಮಲಗಿಸಿದರು. ಹೆಸರಿಲ್ಲದ ಕೂಸಿಗೆ ಇಷ್ಟು ಜನ ಬಂದರಲ್ಲ ಎಂದು ಮೋನಮ್ಮ ಬೆರಗಾಗಿ ಅಳುವುದನ್ನೇ ಮರೆತಳು.

“ಆ ಮಾತು ನನಗೂ ಕಲಸ್ರಿ ಸಿಸ್ಟರಮ್ಮ. ನಾ ಹೊಲದಾಗ, ಬಸ್ಸಿನಾಗ ಕೂಸು ಹಿಡಿಯಾಕಿ. ನಾ ಹೇಳಿದ್ರ ನಡೀತದೇನು?”

“ನಡೀತದ. ಮನಸ್ಸಿಟ್ಟು ಹೇಳಬೇಕಷ್ಟೆ.”

ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಕಲಿತಳು. ಪೋಚಪ್ಪ ಮಾತ್ರ ಒಂದು ಕಟ್ಟು ಹಾಕಿದ. “ಹುಟ್ಟೋ ಮಕ್ಕಳು ಬೇಕಂದ್ರ ಚರ್ಚಿನ ಗುಡಿಗಿ ಹೋಗಲಿ. ನೀ ಹೋದ್ರ ನಮ್ಮವ್ವನ ಪೋಚಮ್ಮ ದೇವಿಗಿ ದೀಪಾ ಹಚ್ಚೋರು ಯಾರು?” ಮೋನಮ್ಮ ಹೂಂ ಅಂದಳು. ಅವನು ಸತ್ತ ಮೇಲೂ ಕೊಟ್ಟ ಮಾತು ಮುರಿಯಲಿಲ್ಲ. ಬೆಳಿಗ್ಗೆ ದೇವಿಗೆ ದೀಪ ಹಚ್ಚಿ, ಭಾನುವಾರ ಬಂದು ಚರ್ಚಿನ ಕಡೆಯ ಕಂಬಕ್ಕೆ ಒರಗಿ ನಿಲ್ಲುವಳು. ಪ್ರಸಾದಕ್ಕೆ ಎಲ್ಲರೂ ಮುಂದೆ ಹೋದಾಗ ಅವಳು ಹಿಂದೆಯೇ ಇರುತ್ತಿದ್ದಳು. ಯಾರದೋ ಕೂಸು ಎತ್ತಿಕೊಂಡಿದ್ದಾಳೆ, ಅದಕ್ಕೇ ಹೋಗಿಲ್ಲ ಎಂದು ಜನ ತಿಳಿಯುತ್ತಿದ್ದರು. ಅವಳ ಕಂಕುಳಲ್ಲಿ ಯಾವಾಗಲೂ ಯಾರದೋ ಒಂದು ಕೂಸು ಇದ್ದೇ ಇರುತ್ತಿತ್ತು.

*

ಅತ್ತ ಸಮಾಧಿ ನೆಲದ ಗೋಡೆಯ ಬಳಿ ಜನ ಕೂಡತೊಡಗಿದ್ದರು. ಆ ಗುಡ್ಡದ ಕೆಂಪು ನೆಲ ಎಂಥದ್ದೆಂದರೆ, ಬೇಸಿಗೆಯಲ್ಲಿ ಹಾರೆ ಹಾಕಿದರೆ ಹಾರೆಯೇ ತಪ್ಪಾಯ್ತು ಅನ್ನಬೇಕು. ಅದಕ್ಕೇ ಅಲ್ಲೊಂದು ಪದ್ಧತಿ: ಸತ್ತವರು ಯಾರಿಗೆ ಜ್ಞಾನಸ್ನಾನದ ತಂದೆ-ತಾಯಿ ಆಗಿದ್ದರೋ, ಅವರು ತಮ್ಮ ಮನೆಯ ನೀರು ತಂದು ಹುಯ್ದು ಕುಣಿಯ ನೆಲ ನೆನೆಸಬೇಕು. ತಂದ ನೀರು ವಾಪಸು ಒಯ್ಯುವಂತಿಲ್ಲ.

ಸಾಮಾನ್ಯವಾಗಿ ಎರಡು ಮೂರು ಕೊಡ ಬಂದರೆ ದೊಡ್ಡದು. ಇವತ್ತು ಹನ್ನೊಂದರ ಬಸ್ಸು ಇಳಿಸಿದ್ದು ಬರೀ ನೀರು. ಧಾರೂರಿನವರು ಹಿತ್ತಾಳೆ ಬಿಂದಿಗೆ ಹೊತ್ತಿದ್ದರು. ದೌಲತಾಬಾದಿನ ಶಿರೀಷಾ ಮಗಳ ಶಾಲೆಯ ಬಾಟಲಿ ತುಂಬಿಕೊಂಡು ಬಂದಿದ್ದಳು. ನಾರಾಯಣಖೇಡದಿಂದ ಒಂದು ಟೆಂಪೋ ಬಂತು. ಟೆಂಪೋದವನೂ ಇಳಿದು ಸೀಟಿನ ಕೆಳಗಿಂದ ಒಂದು ಕ್ಯಾನು ತೆಗೆದ. ಬಿಳಿ ಗಡ್ಡದವರು, ಹೊಸ ಮದುಮಗಳು, ಪೊಲೀಸ್ ಡ್ರೆಸ್ಸಿನವನೊಬ್ಬ. ಎಲ್ಲರೂ ಗೋಡೆಗುಂಟ ನೀರಿಟ್ಟುಕೊಂಡು ಬಿಸಿಲಲ್ಲೇ ಕೂತರು. ಗೋಡೆ ಮುಗಿಯಿತು, ಜನ ಮುಗಿಯಲಿಲ್ಲ. ಸಾಲು ತಿರುಗಿ ರಸ್ತೆಗೆ ಇಳಿಯಿತು.

ಜಹೀರಾಬಾದಿನ ಆಟೋ ಸಮೀರ್ ಕೂಡ ಒಂದು ಹೂಜಿ ಹಿಡಿದು ನಿಂತಿದ್ದ.

“ನೀ ಯಾಕೋ ಇಲ್ಲಿ?” ಬಕ್ಕಪ್ಪ ಕೇಳಿದ. “ನೀವು ಮಸೀದಿಯವರು. ನಿನಗೇನು ಅಕಿ ನೀರು ಹಾಕ್ಯಾಳ?”

“ನೀರು ಇಲ್ಲ ಚಾಚಾ. ಖಾಲಿ ಬೆನ್ನಿಗಿ ಒಂದು ಜೋರ್ದಾರ್ ಕೊಟ್ಟಾಳ. ಅದಕ್ಕೇ ಉಸಿರು ಬಂತಂತ ಅಮ್ಮಿ ಹೇಳ್ತಾಳ. ಹೊಡ್ತಕ್ಕ ಹೊಡ್ತ ವಾಪಸ್ ಕೊಡಾಕ ಆಗ್ತದೇನು? ಅದಕ್ಕ ನೀರೇ ತಂದೀನಿ.”

ಬಕ್ಕಪ್ಪ ನಗಲು ಹೋಗಿ, ನಗಲಾರದೆ ಹೆಗಲ ಮೇಲಿನ ಟವೆಲ್ಲಿಗೆ ಮುಖ ಒತ್ತಿದ.

ಫಾದರ್ ಚರ್ಚಿನ ಮೆಟ್ಟಿಲ ಮೇಲೆ ಬಂದು ನಿಂತರು. ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದರು, ಆ ತುದಿ ಕಾಣಲಿಲ್ಲ. ಆಮೇಲೆ ಸ್ವರೂಪಾಳನ್ನು ಪಕ್ಕಕ್ಕೆ ಕರೆದರು.

“ಅಮ್ಮಾ, ಒಂದೇ ಮಾತು ಕೇಳುತ್ತೇನೆ. ಜನ ನೋಡಿ ಹೇಳಬೇಡಿ, ನಿಜ ಹೇಳಿ. ಅವರು ಯಾವತ್ತಾದರೂ ತಮಗೆ ಜ್ಞಾನಸ್ನಾನ ಬೇಕು ಎಂದು ಕೇಳಿದ್ದರಾ?”

ಹೌದು ಎಂದುಬಿಟ್ಟರೆ ಮುಗಿಯಿತು. ಆದರೆ ಕೇಳಿದ್ದು ಸ್ವರೂಪಾಗೆ ನೆನಪಿಲ್ಲ. ಸುಳ್ಳು ಹೇಳಿ ಮಣ್ಣು ಕೊಡಿಸುವುದೇ? “ಬಾಯಿಲೆ ಕೇಳಿಲ್ರಿ,” ಎಂದವಳು, ಅಲ್ಲೇ ಗಕ್ಕನೆ ನಿಂತಳು. ಅವಳ ಕೈ ತಾನಾಗಿ ನೆತ್ತಿಗೆ ಹೋಯಿತು.

*

ನಿನ್ನೆ ಮಧ್ಯಾಹ್ನ ಮಾತು ನಿಂತುಹೋಗಿತ್ತು. ಹೊರಸಿನ ಮೇಲೆ ಮಲಗಿದ್ದ ಮೋನಮ್ಮ ಕಣ್ಣು ಬಿಟ್ಟು, ಮೂಲೆಯ ದೇವಿಯ ಕಡೆ ಬಹಳ ಹೊತ್ತು ನೋಡಿದಳು, ರಜಾ ಕೇಳುವವಳ ಹಾಗೆ. ಆಮೇಲೆ ಮಗಳ ಕಡೆ ತಿರುಗಿ ನೀರಿನ ತಂಬಿಗೆ ತೋರಿಸಿದಳು. ಸ್ವರೂಪಾ ಬಾಯಿಗೆ ಹಿಡಿದಳು; ಮೋನಮ್ಮ ಬೇಡವೆಂದು ತಲೆ ಅಲ್ಲಾಡಿಸಿದಳು. ಕೈ ಎತ್ತಿ ತನ್ನ ನೆತ್ತಿಯ ಮೇಲಿಟ್ಟು, ಮತ್ತೆ ತಂಬಿಗೆ ತೋರಿಸಿದಳು.

“ತಲಿ ಕಾದದೇನವ್ವಾ? ತಡಿ.” ಸ್ವರೂಪಾ ಒದ್ದೆ ಬಟ್ಟೆ ಹಿಂಡಿ ಹಣೆಯ ಮೇಲೆ ಹಾಕಿದಳು.

ಮೋನಮ್ಮ ಮಗಳ ಕೆನ್ನೆ ತಟ್ಟಿದಳು, ದಡ್ಡಿಯೊಬ್ಬಳನ್ನು ಮುದ್ದಿಸುವ ಹಾಗೆ.

*

ಕೇಳಿದ ಫಾದರ್ ಕನ್ನಡಕ ತೆಗೆದರು. ಹೇಳಿ ಮುಗಿಸಿದ ಸ್ವರೂಪಾ ಮೆಟ್ಟಿಲ ಮೇಲೆ ಕುಸಿದು, “ನಾ ಹಾಕ್ಲಿಲ್ರಿ ಫಾದರ್, ಕೈಯಾಗ ತಂಬಿಗಿ ಇತ್ತು, ನಾ ಹಾಕ್ಲಿಲ್ಲ,” ಎಂದು ಎದೆ ಬಡಿದುಕೊಳ್ಳುತ್ತಿದ್ದಳು.

“ನೀವು ಹಾಕಲಿಲ್ಲ. ಅವರು ಕೇಳಿದರಲ್ಲ,” ಎಂದರು ಫಾದರ್. “ಬೇಕೆಂದು ಕೇಳಿ, ನೀರು ಮುಟ್ಟುವ ಮೊದಲೇ ಹೋದವರನ್ನು ಧರ್ಮಸಭೆ ತನ್ನವರೆಂದೇ ಎಣಿಸುತ್ತದೆ. ಕ್ರಾಂತಿಕುಮಾರರೇ, ಕೂಸಿನ ಪಕ್ಕ ಜಾಗ ತೋರಿಸಿ. ಯಾರಾದರೂ ಕೇಳಿದರೆ ನನ್ನ ಹೆಸರು ಹೇಳಿ.”

ಕ್ರಾಂತಿಕುಮಾರ ಜಾಗ ತೋರಿಸಿ, ನೆಟ್ಟಗೆ ತನ್ನ ಮನೆಗೆ ಓಡಿ, ಕೊಡ ತುಂಬಿಕೊಂಡು ಬಂದು ಸಾಲಿನ ಕೊನೆಗೆ ನಿಂತ.

ನೀರು ಬಿತ್ತು. ಬಿಂದಿಗೆ, ಬಾಟಲಿ, ಕ್ಯಾನು, ಹೂಜಿ. ಕಲ್ಲಿನಂಥ ನೆಲ ಮೊದಲು ಹಾವಿನ ಹಾಗೆ ಬುಸುಗುಟ್ಟಿತು, ಆಮೇಲೆ ಬೆಣ್ಣೆಯಾಯಿತು. ನಲವತ್ತು ವರ್ಷದಿಂದ ಕುಣಿ ತೋಡುತ್ತ ಬಂದ ಬಕ್ಕಪ್ಪ, ಹಾರೆ ತಾನಾಗೇ ಇಳಿಯುವುದನ್ನು ಕಂಡು ಕೈ ಮುಗಿದ. ಆಳದಲ್ಲಿ ಹಾಸುಬಂಡೆ ಹತ್ತಿ ಅಗೆತ ನಿಂತಿತು. ಸಾಲು ಮಾತ್ರ ನಿಂತಿರಲಿಲ್ಲ. ತಂದವರು ವಾಪಸು ಒಯ್ಯುವಂತಿಲ್ಲ; ಒಬ್ಬೊಬ್ಬರೇ ಬಂದು ಕುಣಿಯೊಳಗೇ ಹುಯ್ದರು. ಬಂಡೆಯ ಮೇಲೆ ನೀರು ಇಂಗದೆ ಮೊಣಕಾಲುದ್ದ ನಿಂತಿತು.

“ಬಕೇಟು ತರ್ರಿ, ತೋಡಿ ಹೊರಗ ಹಾಕೋಣು,” ಎಂದ ದೇವಿದಾಸ.

“ಇರ್ಲಿ ಬಿಡೋ ತಮ್ಮಾ,” ಎಂದಳು ಸ್ವರೂಪಾ.

ಪೆಟ್ಟಿಗೆ ಇರಲಿಲ್ಲ. ಬಿಳಿ ಸೀರೆಯಲ್ಲಿ ಸುತ್ತಿದ ಮೋನಮ್ಮನನ್ನು ಹಗ್ಗದ ಮೇಲೆ ಇಳಿಸಿದರು. ಕಾಲ ಬಳಿಯ ಬಟ್ಟೆ ಮೊದಲು ಒದ್ದೆಯಾಯಿತು. ಒದ್ದೆ ಮೊಣಕಾಲಿಗೆ ಏರಿತು, ಎದೆಗೆ ಏರಿತು, ಹಗ್ಗ ಇನ್ನೊಂದು ಗೇಣು ಸಡಿಲಾದಾಗ ಧಾರೂರಿನ, ದೌಲತಾಬಾದಿನ, ಖೇಡದ ನೀರೆಲ್ಲ ಒಂದೇ ಆಗಿ ಹಣೆಯ ಮೇಲೆ ಕೂಡಿಕೊಂಡಿತು. ಒಂದೆರಡು ಗುಳ್ಳೆ ಬಂದವು. ಆಮೇಲೆ ಕುಣಿಯ ತುಂಬ ಆಕಾಶ ತೆಪ್ಪಗೆ ನಿಂತಿತು.

ಫಾದರ್ ತೀರ್ಥ ಚಿಮುಕಿಸಲು ಎತ್ತಿದ ಕೈ ಎತ್ತಿದಂತೆಯೇ ಇತ್ತು. ಸುತ್ತ ನಿಂತವರೆಲ್ಲರ ಮುಷ್ಟಿಯಲ್ಲೂ ಮಣ್ಣಿತ್ತು. ಮೊದಲ ಹಿಡಿ ಹಾಕಲು ಒಂದು ಕೈಯೂ ಮುಂದೆ ಬರಲಿಲ್ಲ.