ಹಳೆಯ ಕಲ್ಲಿದ್ದಲು ಬೆಳೆಸುವ ಬಗೆ

ಮೇಘಾಲಯದ ಜೈಂತಿಯಾ ಬೆಟ್ಟದ ನಮ್ಮ ಇಲಿಬಿಲದಂಥ ಗಣಿಗಳನ್ನು ಕೋರ್ಟು ನಿಷೇಧಿಸಿ ವರ್ಷಗಳಾದವು. ನಿಷೇಧಕ್ಕೆ ಮೊದಲು ತೆಗೆದಿಟ್ಟ ಕಲ್ಲಿದ್ದಲನ್ನು ಮಾತ್ರ ಸಾಗಿಸಬಹುದು. ಅಂದಿನಿಂದ ಊರಿನಲ್ಲಿ ಹೊಸ ಕಲ್ಲಿದ್ದಲು ಎಂಬುದೇ ಇಲ್ಲ. ಹಳೆಯದು ಮಾತ್ರ ಎಷ್ಟು ಲಾರಿ ಹೋದರೂ ಮುಗಿಯುವುದಿಲ್ಲ.

ತಪಾಸಣೆಗೆ ಬರುವ ಅಧಿಕಾರಿ ಹಳೆಯದೆಂದು ಒಪ್ಪಿ ಸಾಗಣೆಗೆ ಪರವಾನಗಿ ಕೊಡಲು ರಾಶಿಯ ಮೇಲೆ ಹುಲ್ಲಿರಬೇಕು. ಹಾಗಾಗಿ ಹಂಬೋಯ್ ಮಾಮ ಹೋದ ತಿಂಗಳು ತೆಗೆದ ರಾಶಿಗೆ ಹುಲ್ಲು, ಜರೀಗಿಡ ನಾಟಿ ಮಾಡಿಸಿದ. ಹೊಳೆಯ ನೀರು ಹಾಕುವಂತಿಲ್ಲ. ಗಣಿಯ ಆಮ್ಲ ಸೇರಿ ಕಿತ್ತಳೆ ಬಣ್ಣಕ್ಕೆ ತಿರುಗಿದ ಆ ನೀರಿನಲ್ಲಿ ಮೀನು ಕಂಡವರಿಲ್ಲ. ಊರಿಗೆ ಉಳಿದ ಒಂದೇ ಒರತೆಯಿಂದ ನೀರು ಹೊರುವ ಕೆಲಸ ಅವನ ತಂಗಿಯ ಮಗಳು ದಾಪ್ಲಿನ್‌ಗೆ ಬಿತ್ತು. ನಮ್ಮಲ್ಲಿ ಆಸ್ತಿ ಕಿರಿಮಗಳಿಗೆ ಹೋಗುವುದರಿಂದ ಜಮೀನು ಅವಳದೇ, ಅಪ್ಪಣೆ ಮಾತ್ರ ಮಾಮನದು.

“ಮಾಮಾ, ಕುಡಿಯೋ ನೀರನ್ನ ಕಲ್ಲಿದ್ದಲಿಗೆ ಹಾಕ್ತೀಯಲ್ಲ, ನಾಚ್ಕೆ ಆಗಲ್ವಾ? ಹೋದ ತಿಂಗಳು ತೆಗ್ದಿದ್ದು ಹಳೇದು ಹೇಗಾಗತ್ತೆ?”

“ಕೋಟಿ ವರ್ಷದಿಂದ ನೆಲದಲ್ಲಿತ್ತಲ್ಲೇ ತಾಯಿ! ಇದಕ್ಕಿಂತ ಹಳೇದು ಎಲ್ಲಿಂದ ತರ್ಲಿ?” ಮಾಮ ಅಡಿಕೆ ಅಗಿಯುತ್ತ ನಕ್ಕ. “ಪರವಾನಗಿ ಒಂದು ಸಿಗ್ಲಿ, ಮುಂದಿನ ಗುಂಡಿ ಒರತೆ ಮೇಲ್ಗಡೆನೇ. ಅಲ್ಲಿ ಒಳ್ಳೇ ಪದರ ಇದೆ.”

ದಾಪ್ಲಿನ್ ಹುಲ್ಲು ಸತ್ತು ಪರವಾನಗಿ ತಪ್ಪಿದರೆ ಒರತೆ ಉಳಿದೀತೆಂದು ಮರುದಿನದಿಂದ ಹೊಳೆಯ ನೀರನ್ನೇ ಹೊತ್ತು ಸುರಿದಳು. ವಾರದೊಳಗೆ ಹುಲ್ಲೆಲ್ಲ ಸುಟ್ಟಂತೆ ಕಂದಿತು.

ಅಧಿಕಾರಿ ಬಂದ. ಜೀಪಿನಿಂದ ಒಂದು ಕಾಲು ಮಾತ್ರ ಇಳಿಸಿ ರಾಶಿ ನೋಡಿದ.

“ಹುಲ್ಲು ಬೆಳ್ದು, ಒಣಗಿ, ಸತ್ತೂ ಹೋಗಿದೆಯಲ್ರೀ! ಇಷ್ಟು ಹಳೇದು ಇಡೀ ಜಿಲ್ಲೇಲೇ ನೋಡಿಲ್ಲ.”

“ಸಾರ್, ಅದು ಹೋದ ತಿಂಗಳು ತೆಗ್ದಿದ್ದು. ಹುಲ್ಲು ಕೊಂದಿದ್ದು ನಾನೇ,” ಎಂದಳು ದಾಪ್ಲಿನ್.

“ನೋಡಮ್ಮ, ಕಣ್ಣೆದುರು ಸಾಕ್ಷಿ ಇರುವಾಗ ಬಾಯಿಮಾತು ನಡೆಯಲ್ಲ,” ಎಂದು ಅವನು ಪರವಾನಗಿಗೆ ಸಹಿ ಹಾಕಿದ.

ಜೀಪು ಹೋದಮೇಲೆ ಮಾಮ ಅವಳ ತಲೆ ಸವರಿದ. “ನಂಗೆ ಈ ಉಪಾಯ ಹೊಳೆದೇ ಇರ್ಲಿಲ್ಲ ನೋಡು. ಇನ್ಮೇಲೆ ಹೀಗೇ ಮಾಡೋಣ.”

ಸಂಜೆಗೆ ಒರತೆಯ ಮೇಲ್ಗಡೆ ಗುದ್ದಲಿಯ ಸದ್ದು ಕೇಳಿಸಿತು. ದಾಪ್ಲಿನ್ ಮನೆಯಲ್ಲಿದ್ದ ಕೊಡ, ಬಕೆಟ್ಟು, ಅನ್ನದ ಪಾತ್ರೆ, ಕೊನೆಗೆ ಚಹಾದ ಕೆಟಲನ್ನೂ ಒರತೆಗೆ ತಂದು ನೀರು ತುಂಬತೊಡಗಿದಳು. ಸ್ವಲ್ಪ ಹೊತ್ತಿಗೆ ಮಾಮನೂ ಒಂದು ಡ್ರಮ್ಮು ಉರುಳಿಸಿಕೊಂಡು ಬಂದ.

“ಇದನ್ನೂ ತುಂಬ್ಸಮ್ಮ,” ಎಂದ. “ನಾಳೆಯಿಂದ ಈ ನೀರು ಕುಡಿಯಕ್ಕಾಗಲ್ಲ.”