ಗೋಡೆಯ ಮೇಲೆ ಬರೆದ ಪಾಸ್‌ವರ್ಡ್

ಕೌಜಲಗಿಯ ಆ ಓಣಿಯಲ್ಲಿ ಕರೆಂಟ್ ಹೋದದ್ದು ಮೊದಲು ಕಿವಿಗೆ ತಿಳಿಯುತ್ತದೆ. ಹಿಟ್ಟಿನ ಗಿರಣಿಯ ಸದ್ದು ಒಮ್ಮೆಲೇ ನಿಂತುಬಿಡುತ್ತದೆ. ಸರದಿಗೆ ಕುಳಿತ ಹೆಂಗಸರು ಜೋಳದ ಬುಟ್ಟಿಗಳನ್ನು ಅಲ್ಲೇ ಬಿಟ್ಟು ಮನೆಯ ಕಡೆ ನಡೆಯುತ್ತಾರೆ. ಅಂದು ಮಧ್ಯಾಹ್ನ ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಹಾಗೆಯೇ ಆಯಿತು.

ಶೆಟ್ಟೆವ್ವ ಒಳಗಿನಿಂದ ಓಡಿ ಬಂದು ಮೊಮ್ಮಗಳ ಪಕ್ಕ ಕುಳಿತಳು.

“ಕಾಜಲ್, ಕರೆಂಟ್ ಹೋತಲ್ಲಬೇ! ಇನ್ನ ಹೆಂಗ?”

ಮೊಮ್ಮಗಳು ಕಾಜಲ್ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದಳು. ಅದು ಓಣಿಯ ಮಹಿಳಾ ಸಂಘದ ಲ್ಯಾಪ್‌ಟಾಪ್. ಶೆಟ್ಟೆವ್ವ ಸಂಘದ ಅಧ್ಯಕ್ಷೆಯಾದ್ದರಿಂದ ಅವಳ ಮನೆಯಲ್ಲೇ ಇರುತ್ತಿತ್ತು. ಕಾಜಲ್‌ಗೆ ಬೆಳಗಾವಿಯಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಅದು ಬೇಕು ಎಂದು ಆ ದಿನ ಸಂಜೆ ಐದರೊಳಗೆ ಒಪ್ಪಿಗೆ ಕಳಿಸಬೇಕಿತ್ತು. ಐದು ದಾಟಿದರೆ ಸೀಟು ಮುಂದಿನವರಿಗೆ ಹೋಗುತ್ತದೆ.

“ಹೆದರಬ್ಯಾಡ ಆಯಿ, ಬ್ಯಾಟರಿ ಐತಿ. ವೈಫೈನೂ ಹೋಗಿಲ್ಲ ನೋಡು. ‘ಶೆಟ್ಟೆವ್ವ ಮನಿ’ ಅಂತ ಹೆಸರು ಹಂಗ ತೋರಸಾಕತ್ತೈತಿ.”

“ನಮ್ಮ ನಸೀಬ ಚಲೋ ಐತಿ ತಗಿ,” ಎಂದು ಶೆಟ್ಟೆವ್ವ ಕೈ ಮುಗಿದಳು.

ಎರಡು ವರ್ಷದ ಹಿಂದೆ ಜ್ವರ ಬಂದು ಶೆಟ್ಟೆವ್ವ ಆಸ್ಪತ್ರೆ ಸೇರಿದ್ದಾಗ ಅಲ್ಲಿನ ನರ್ಸ್ ಒಬ್ಬಳು ನಾಡಿ ಹಿಡಿಯುವ ಮೊದಲು ತನ್ನ ತಣ್ಣನೆಯ ಕೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡಿದ್ದಳು. ಕಾಜಲ್ ಅದನ್ನು ನೋಡಿದ್ದಳು. ತಾನೂ ನರ್ಸ್ ಆಗುತ್ತೇನೆ ಎಂದು ಅಂದೇ ಹೇಳಿದ್ದಳು.

ಶೆಟ್ಟೆವ್ವನ ಮನೆಯ ಮುಂದೆ ಬೇವಿನ ಮರ, ಮರದ ಸುತ್ತ ಕಟ್ಟೆ. ಬಸ್ಸಿಗೆ ಕಾಯುವವರು ಅಲ್ಲೇ ಕೂಡುತ್ತಾರೆ. ಅವರಿಗೆಂದು ಅವಳು ಮಳೆಗಾಲ, ಚಳಿಗಾಲ ಎನ್ನದೆ ಒಂದು ಮಣ್ಣಿನ ಹರವಿಯಲ್ಲಿ ನೀರು ಇಟ್ಟಿರುತ್ತಾಳೆ. ಬರೀ ನೀರು ಕೊಡಬಾರದೆಂದು ಡಬ್ಬಿಯಲ್ಲಿ ಬೆಲ್ಲದ ಚೂರುಗಳೂ ಇರುತ್ತವೆ. ಸಂಘದ ಕೆಲಸಕ್ಕೆ ಮನೆಗೆ ವೈಫೈ ಬಂದ ಮೇಲೆ ಅದನ್ನೂ ಹರವಿಯ ಸಾಲಿಗೆ ಸೇರಿಸಿದಳು. ವೈಫೈ ಹೆಸರನ್ನೂ ‘ನೀರುಕುಡಿ೧೨೩’ ಎಂಬ ಪಾಸ್‌ವರ್ಡನ್ನೂ ಹರವಿಯ ಮೇಲಿನ ಗೋಡೆಗೆ ಸುಣ್ಣದಲ್ಲಿ ದಪ್ಪಗೆ ಬರೆಸಿದಳು.

ಬಾಜೂ ಮನೆಯ ಫರೀನ ಅದನ್ನು ನೋಡಿದ ದಿನವೇ ಹೌಹಾರಿದ್ದಳು. ಅವಳು ಘಟಪ್ರಭಾದ ಆಸ್ಪತ್ರೆಯೊಂದರಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಾಳೆ.

“ಆಯಿ, ಇದನ್ನ ಒರಸ್ರಿ. ಮನಿ ಕೀಲಿಕೈ ಬಾಗಲಿಗೆ ತೂಗ ಹಾಕಿದಂಗ ಆಗತೈತಿ.”

“ಹೋಗ ನಮ್ಮವ್ವ! ನೀರಿಗೆ ಯಾರರೆ ಕೀಲಿ ಹಾಕತಾರೇನು? ಬಿಸಲಾಗ ಕುಂತ ಮಂದಿ ಊರಾಗಿನ ಮಕ್ಕಳ ಮಾರಿ ವಿಡಿಯೋದಾಗ ನೋಡಿ ಮಾತಾಡಲಿ ಬಿಡು.”

“ನೀರ ಕುಡದವ ನಿಮ್ಮ ಮನಿಯೊಳಗ ಬರೂದಿಲ್ಲರಿ. ಇದು ಬರತೈತಿ.”

“ನಿನಗ ಎಲ್ಲಾರೂ ಕಳ್ಳರಂಗ ಕಾಣತಾರ ನೋಡು,” ಎಂದು ಶೆಟ್ಟೆವ್ವ ನಕ್ಕಿದ್ದಳು. ಅವಳಿಗೆ ಬೇಸರವಾಗಬಾರದೆಂದು ಒಂದು ಚೂರು ಬೆಲ್ಲವನ್ನೂ ಕೈಗಿಟ್ಟಿದ್ದಳು.

ಈಗ ಕಾಜಲ್ ಪರದೆಯನ್ನು ನೋಡಿ ಹುಬ್ಬು ಗಂಟಿಕ್ಕಿದಳು.

“ಆಯಿ, ಬ್ಯಾರೆನ ಪುಟ ಬಂತು. ‘ನಿಮ್ಮ ವೈಫೈ ಅವಧಿ ಮುಗಿದಿದೆ. ಮುಂದುವರಿಯಲು ಮೇಲ್ ವಿಳಾಸ, ಅದರ ಪಾಸ್‌ವರ್ಡ್ ಹಾಕಿ’ ಅಂತೈತಿ.”

“ಹಾಕಬೇ ಲಗೂನ. ಟೈಮ್ ಹೊಂಟೈತಿ.”

ಕಾಜಲ್ ಎರಡನ್ನೂ ಹಾಕಿದಳು. ಕೂಡಲೇ ಶೆಟ್ಟೆವ್ವನ ಫೋನು ಟಿಣ್ ಎಂದಿತು. ಕಾಜಲ್‌ಳ ಮೇಲ್‌ಗೆ ಆಯಿಯ ನಂಬರನ್ನೇ ಕೊಟ್ಟಿದ್ದರಿಂದ ಆರು ಅಂಕಿಯ ಸಂದೇಶ ಅದಕ್ಕೇ ಬಂದಿತ್ತು.

“ಆಯಿ, ಅದನ್ನೂ ಕೇಳಾಕತ್ತೈತಿ. ಒಂದೊಂದ ಅಂಕಿ ಓದು.”

ಶೆಟ್ಟೆವ್ವ ಚಸ್ಮಾ ಏರಿಸಿ, ಫೋನನ್ನು ದೂರಕ್ಕೆ ಹಿಡಿದು ಓದತೊಡಗಿದಳು. “ಏಳು... ಎರಡು... ಎರಡು...”

ಅದೇ ಹೊತ್ತಿಗೆ ಬೆಳಗಿನ ಪಾಳಿ ಮುಗಿಸಿದ ಫರೀನ ಬಸ್ಸಿಳಿದು, ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಒಪ್ಪಿಗೆ ಕಳಿಸಿದ್ದಾಯಿತೇ ಎಂದು ಕೇಳಿಕೊಂಡು ಹೋಗಲು ಬಂದಿದ್ದಳು.

“ಕರೆಂಟ್ ಇಲ್ಲಲ್ಲ, ಹೆಂಗ ನಡಸೀರಿ?”

“ಕರೆಂಟ್ ಹ್ವಾದ್ರೂ ವೈಫೈ ಹೋಗಿಲ್ಲ ಫರೀನಕ್ಕ! ನಮ್ಮ ನಸೀಬ!” ಎಂದಳು ಕಾಜಲ್.

“ಒಂಬತ್ತು...” ಶೆಟ್ಟೆವ್ವ ಓದುತ್ತಲೇ ಇದ್ದಳು.

ಫರೀನ ಗೋಡೆಯ ಕಡೆ ತಿರುಗಿದಳು. ಅಲ್ಲಿ ವೈಫೈ ಪೆಟ್ಟಿಗೆ ಇತ್ತು. ದಿನವೂ ಅದರ ಮೈಮೇಲೆ ನಾಲ್ಕು ಹಸಿರು ದೀಪಗಳು ಮಿಣುಕುತ್ತವೆ. ಈಗ ಒಂದೂ ಇರಲಿಲ್ಲ.

“ಓದಬ್ಯಾಡ್ರಿ!”

ಫರೀನ ಹಾಗೆ ಕೂಗಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಶೆಟ್ಟೆವ್ವನ ಕೈಯಿಂದ ಫೋನು ಜಾರಿ ಮಡಿಲಲ್ಲಿ ಬಿತ್ತು.

“ಯವ್ವಾ! ಏನಾತ?”

“ಎಷ್ಟ ಅಂಕಿ ಹೇಳಿದ್ರಿ?”

“ನಾಕ.”

“ಕಾಜಲ್, ಕೈ ತಗಿ. ಮ್ಯಾಲೆ ನೋಡ್ರಿ, ಪೆಟ್ಟಿಗಿ ಬಂದ್ ಆಗೈತಿ. ಮತ್ತ ಈ ವೈಫೈ ಯಾರದು?”

ಶೆಟ್ಟೆವ್ವ ಸತ್ತ ಪೆಟ್ಟಿಗೆಯನ್ನು ನೋಡಿದಳು. ಆಮೇಲೆ ಲ್ಯಾಪ್‌ಟಾಪಿನಲ್ಲಿ ತನ್ನದೇ ಹೆಸರನ್ನು ನೋಡಿದಳು. ಮನೆಯಲ್ಲಿ ಇಲ್ಲದ್ದು ತನ್ನ ಹೆಸರಿಟ್ಟುಕೊಂಡು ಕಣ್ಣೆದುರು ನಿಂತಿದೆ.

ಫರೀನ ಪರದೆಯ ಕೆಳಗಿನ ಮೂಲೆಯಲ್ಲಿದ್ದ ಬೀಸಣಿಗೆಯಂಥ ಗುರುತನ್ನು ಒತ್ತಿ ವೈಫೈ ಬಂದ್ ಮಾಡಿದಳು.

“ಯಾರೋ ತಮ್ಮ ಫೋನಿನಾಗ ನಿಮ್ಮ ಹೆಸರಿಂದನ ವೈಫೈ ಮಾಡ್ಯಾರ. ಹೆಸರು, ಪಾಸ್‌ವರ್ಡ್ ಎರಡೂ ಗೋಡಿ ಮ್ಯಾಲ ಅದಾವಲ್ಲ, ಅಷ್ಟ ಸಾಕು. ನಿಮ್ಮ ಪೆಟ್ಟಿಗಿ ಹೋದ ಕೂಡಲೇ ಲ್ಯಾಪ್‌ಟಾಪ್ ತಾನ ಹೋಗಿ ಅದಕ್ಕ ಅಂಟಿಕೊಂಡೈತಿ. ಅದು ಹೆಸರು ನೋಡತೈತಿ, ಮನಿ ನೋಡೂದಿಲ್ಲ.”

“ಆ ಪುಟಾನೂ...?” ಕಾಜಲ್ ಕೇಳಿದಳು.

“ಅವರದ. ನಿನ್ನ ಮೇಲ್ ಅವರ ಕೈಯಾಗ ಹ್ವಾದ್ರ ಸೀಟಿನ ಅರ್ಜೀನೂ ಹೋದಂಗ. ಇನ್ನೆರಡ ಅಂಕಿ ಉಳಿದಿದ್ದುವು.”

ಕಾಜಲ್ ಅಳಲಿಲ್ಲ. ತನ್ನ ಕೈಗಳನ್ನು ತಾನೇ ನೋಡುತ್ತ ಕುಳಿತಳು.

ಶೆಟ್ಟೆವ್ವ ಎದ್ದು ಹೊರಗೆ ಬಂದಳು. ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ದೂರದಲ್ಲಿ ಮೋಟರ್‌ಸೈಕಲ್ ಒಂದರ ಧೂಳು ಇನ್ನೂ ಇಳಿದಿರಲಿಲ್ಲ. ಹರವಿಯ ಮೇಲೆ ಬೋರಲು ಹಾಕಿದ್ದ ಸ್ಟೀಲ್ ಲೋಟದಿಂದ ನೀರು ಹನಿಯುತ್ತಿತ್ತು. ಬೂದು ಅಂಗಿಯವನೊಬ್ಬ ಮೂರು ದಿನದಿಂದ ಅಲ್ಲೇ ಕೂಡುತ್ತಿದ್ದ. ಬಸ್ಸು ಬಂದರೂ ಹತ್ತುತ್ತಿರಲಿಲ್ಲ. ‘ಯವ್ವಾ, ನಿನ್ನ ನೀರ ಭಾಳ ತಂಪ ಅದಾವ’ ಎಂದಿದ್ದ. ಬೆಳಿಗ್ಗೆ ಅವನಿಗೆ ಎರಡು ಚೂರು ಬೆಲ್ಲ ಕೊಟ್ಟಿದ್ದಳು.

“ನನ್ನ ಕೈಲೆ ಬೆಲ್ಲ ಕೊಟ್ಟೇನಿ,” ಎಂದಳು ಶೆಟ್ಟೆವ್ವ. ಹಿಂದೆಯೇ ಬಂದ ಫರೀನಳ ಕಡೆ ತಿರುಗಿದಳು. “ಅವನ ಇರಬೇಕು. ನನ್ನ ಕೈಲೆ ಕೊಟ್ಟೇನಿ ಫರೀನ.”

“ಅವನೋ ಮತ್ತೊಬ್ಬನೋ, ಆಮ್ಯಾಲ ನೋಡೂಣ್ರಿ. ಈಗ ನಾಕೂ ಹತ್ತ ಆಗೈತಿ. ಪೆಟ್ಟಿಗಿಗೆ ಕರೆಂಟ್ ಬೇಕು, ಲ್ಯಾಪ್‌ಟಾಪಿಗೆ ವಾಯರ್ ಬೇಕು. ಪೆಟ್ಟಿಗಿ ಜೋಡಿ ಒಂದು ಹಳದಿ ವಾಯರ್ ಬಂದಿತ್ತಲ್ಲ, ಎಲ್ಲೈತಿ?”

ಶೆಟ್ಟೆವ್ವ ಒಳಕೋಣೆಯ ಕಡೆ ನೋಡಿದಳು.

“ಅದು... ಸೇಂಗಾ ಚೀಲದ ಬಾಯಿಗೆ ಕಟ್ಟೇನಿ.”

“ಏನಂದ್ರಿ?”

“ಭಾಳ ಗಟ್ಟಿ ಐತವಾ! ಇಲಿ ಕಡಿಯೂದಿಲ್ಲ!”

ಆ ಹೊತ್ತಿನಲ್ಲೂ ಕಾಜಲ್‌ಗೆ ನಗು ಬಂತು. ಒಳಕೋಣೆಗೆ ಓಡಿ ಮೂರು ಗಂಟುಗಳನ್ನು ಹಲ್ಲಿನಿಂದ ಬಿಚ್ಚಿದಳು. ಸೇಂಗಾ ಕೋಣೆಯ ತುಂಬ ಚೆಲ್ಲಿದವು. ತುದಿಯಲ್ಲಿದ್ದ ಸಣ್ಣ ಪ್ಲಾಸ್ಟಿಕ್ ಕೊಕ್ಕೆ ಮುರಿದಿರಲಿಲ್ಲ.

ಅಷ್ಟರಲ್ಲಿ ಫರೀನ ತನ್ನ ತಂದೆ ಬಂದಗಿಸಾಬನಿಗೆ ಫೋನ್ ಮಾಡಿದ್ದಳು. ಮದುವೆ ಮನೆಗಳಿಗೆ ಮೈಕ್ ಸೆಟ್ ಬಾಡಿಗೆ ಕೊಡುವ ಬಂದಗಿಸಾಬನ ಬಳಿ ಇನ್ವರ್ಟರ್ ಇತ್ತು. ಏನು, ಎತ್ತ ಎಂದು ಕೇಳದೆ ಅವನು ಬ್ಯಾಟರಿಯನ್ನೂ ಇನ್ವರ್ಟರನ್ನೂ ಕೈಗಾಡಿಯಲ್ಲಿಟ್ಟು ಬಿಸಿಲಲ್ಲಿ ತಳ್ಳಿಕೊಂಡು ಬಂದ. ಮನೆಯ ನೆಲ ಸಾರಿಸಿದ್ದನ್ನು ನೋಡಿ, ಬ್ಯಾಟರಿ ಇಡುವ ಮೊದಲು ತನ್ನ ಹೆಗಲ ಟವೆಲ್ಲನ್ನು ಕೆಳಗೆ ಹಾಸಿದ.

“ಶೆಟ್ಟೆವ್ವಕ್ಕ, ಮದವಿ ಯಾರದು?” ಎಂದ, ಅವಳ ಮುಖ ನೋಡಿ ನಗಿಸಲೆಂದು.

“ನನ್ನ ಶ್ಯಾಣೇತನದ ತಿಥಿ ಐತಿ, ಬಾ.”

ಪೆಟ್ಟಿಗೆಯ ದೀಪಗಳು ಒಂದೊಂದಾಗಿ ಹೊತ್ತಿಕೊಂಡವು. ನಾಲ್ಕನೆಯದು ಹಸಿರಾಗುವ ತನಕ ನಾಲ್ವರೂ ಅದನ್ನೇ ನೋಡಿದರು.

ಫರೀನ ಕಾಜಲ್‌ಳ ಕೈಗೇ ಕೆಲಸ ಕೊಟ್ಟಳು. “ನೀನ ಮಾಡು, ಕಲತಂಗ ಆಗತೈತಿ. ಮೊದಲು ಉಳಿಸಿಟ್ಟ ವೈಫೈ ಹೆಸರುಗಳ ಪಟ್ಟಿ ತಗಿ. ಅದರಾಗ ‘ಶೆಟ್ಟೆವ್ವ ಮನಿ’ ಮ್ಯಾಲ ಒತ್ತಿ, ಮರೆತುಬಿಡು ಅಂತ ಬರತೈತಲ್ಲ, ಅದನ್ನ ಒತ್ತು. ಈಗ ಅದು ತಾನಾಗೇ ಹೋಗಿ ಅಂಟಿಕೊಳ್ಳೂದಿಲ್ಲ.”

ಕಾಜಲ್ ಪಟ್ಟಿ ನೋಡಿ ಬೆರಗಾದಳು. ಗೋಕಾಕದ ಬಟ್ಟೆ ಅಂಗಡಿ, ಹುಕ್ಕೇರಿಯ ಖಾನಾವಳಿ, ಯಾರದೋ ಮದುವೆ ಮಂಟಪ, ಎಂದೋ ಒಮ್ಮೆ ಸೇರಿದ ಹೆಸರುಗಳೆಲ್ಲ ಅಲ್ಲೇ ಕುಳಿತಿದ್ದವು.

“ಇವನ್ನೆಲ್ಲಾ ಲ್ಯಾಪ್‌ಟಾಪ್ ಇನ್ನೂ ಹುಡುಕತೈತೇನಕ್ಕ?”

“ಹೂಂ. ಬೇಡಾದ್ದನ್ನ ತಗದ ಹಾಕು. ಈಗ ವಾಯರಿನ ಒಂದು ತುದಿ ಪೆಟ್ಟಿಗಿಗೆ, ಇನ್ನೊಂದು ಲ್ಯಾಪ್‌ಟಾಪಿನ ಬಾಜೂಕ.”

ಟಕ್ ಎಂದಿತು. ಬೀಸಣಿಗೆಯ ಗುರುತು ಇದ್ದಲ್ಲಿ ಸಣ್ಣ ಪರದೆಯ ಗುರುತು ಬಂತು.

“ಇದು ಖರೆ ನಮ್ಮನೀದ ಅಂತ ಹೆಂಗ ತಿಳಕೊಳ್ಳೂದು?” ಶೆಟ್ಟೆವ್ವ ಕೇಳಿದಳು. ಈಗ ಅವಳಿಗೆ ಯಾವುದರ ಮೇಲೂ ನಂಬಿಕೆ ಇರಲಿಲ್ಲ.

“ವಾಯರ್ ಹಿಡಕೊಂಡು ಹೋಗ್ರಿ ಆಯಿ. ಎಲ್ಲಿ ಮುಟ್ಟತೈತಿ?”

ಶೆಟ್ಟೆವ್ವ ನಿಜವಾಗಿಯೂ ಬೆರಳಿನಿಂದ ಹಳದಿ ವಾಯರನ್ನು ಸವರುತ್ತ ಹೋದಳು. ಅದು ತನ್ನ ಗೋಡೆಯ ತನ್ನ ಪೆಟ್ಟಿಗೆಗೇ ಮುಟ್ಟಿತು.

“ವೈಫೈ ಬ್ಯಾಡ ಅಂತೀಯೇನು ಹಂಗಾದ್ರ?”

“ಬ್ಯಾಡ ಅನ್ನೂದಿಲ್ರಿ. ಓದಾಕ, ಮಾತಾಡಾಕ ಇರಲಿ. ಜೀವನದ ಕೆಲಸ ಇದ್ದಾಗ ವಾಯರ್ ಹಚ್ಚರಿ, ವೈಫೈ ಬಂದ್ ಇಡ್ರಿ. ಎರಡೂ ಚಾಲೂ ಇಟ್ರ, ವಾಯರ್ ಸಡಲಾದ ಕೂಡಲೇ ಲ್ಯಾಪ್‌ಟಾಪ್ ಹೇಳದ ಕೇಳದ ವೈಫೈಗೆ ಜಿಗೀತೈತಿ.”

ಮೊದಲು ಮೇಲ್‌ನ ಪಾಸ್‌ವರ್ಡ್ ಬದಲಾಯಿತು. ಆಮೇಲೆ ಅರ್ಜಿಯದು. ನಂತರ ಕಾಜಲ್ ಸೀಟಿನ ಪುಟ ತೆರೆದಳು. ನಾಲ್ಕು ಐವತ್ತೆರಡಕ್ಕೆ ‘ನಿಮ್ಮ ಒಪ್ಪಿಗೆ ದಾಖಲಾಗಿದೆ’ ಎಂಬ ಸಾಲು ಬಂತು. ಕಾಜಲ್ ಅದನ್ನು ಮೂರು ಸಲ ಓದಿದಳು. ಆಮೇಲೆ ಫರೀನಳ ಭುಜಕ್ಕೆ ಮುಖವಿಟ್ಟು ಅತ್ತಳು.

ಫರೀನ ಆನ್‌ಲೈನ್ ಮೋಸದ ದೂರು ಕೊಡುವ ೧೯೩೦ಕ್ಕೆ ಕರೆ ಮಾಡಲು ಹೋಗಿ, ಮೊದಲಿನ ಒಂದನ್ನು ಮರೆತು ೯೩೦ ಎಂದಷ್ಟೇ ಒತ್ತಿದಳು. ಅವಳೂ ಹೆದರಿದ್ದಳು ಎಂಬುದು ಶೆಟ್ಟೆವ್ವನಿಗೆ ಆಗ ತಿಳಿಯಿತು. ಎರಡನೆಯ ಸಲಕ್ಕೆ ಕರೆ ಹೋಯಿತು, ದೂರು ಬರೆಸಿದಳು. ಪೆಟ್ಟಿಗೆಯ ವೈಫೈಗೆ ಹೊಸ ಹೆಸರು, ಹೊಸ ಪಾಸ್‌ವರ್ಡ್ ಇಟ್ಟಳು. ಬೂದು ಅಂಗಿಯವನು ಮತ್ತೆ ಆ ಕಟ್ಟೆಗೆ ಬರಲಿಲ್ಲ. ಅವನೇ ಹೌದೋ ಅಲ್ಲವೋ ಇಂದಿಗೂ ಗೊತ್ತಿಲ್ಲ.

ಶೆಟ್ಟೆವ್ವ ಒಂದು ಚೂರು ಇಟ್ಟಿಗೆ ತೆಗೆದುಕೊಂಡು ಹೊರಗೆ ಹೋಗಿ ಗೋಡೆಯ ಅಕ್ಷರಗಳನ್ನು ತಿಕ್ಕತೊಡಗಿದಳು. ಕೊನೆಯ ಅಂಕಿ ಹೋಗುವ ತನಕ ನಿಲ್ಲಲಿಲ್ಲ. ಆಮೇಲೆ ಹರವಿಯನ್ನು ನೋಡಿದಳು. ಅದನ್ನೂ ಎತ್ತಿ ಒಳಗಿಟ್ಟುಬಿಡಲೇ ಅನಿಸಿತು. ಎರಡೂ ಕೈ ಹರವಿಯ ಕಂಠಕ್ಕೆ ಹೋದವು.

ಅಷ್ಟರಲ್ಲಿ ಬಂದಗಿಸಾಬ ಹಣೆ ಒರೆಸಿಕೊಳ್ಳುತ್ತ ಬಂದು ಲೋಟ ಎತ್ತಿಕೊಂಡ.

“ಸ್ವಲ್ಪ ಸರಿಯಕ್ಕ, ನೀರಡಿಕ್ಯಾಗೈತಿ.”

ಅವನು ಗಟಗಟನೆ ಎರಡು ಲೋಟ ಕುಡಿದ. ಶೆಟ್ಟೆವ್ವ ಹರವಿಯನ್ನು ಅಲ್ಲೇ ಬಿಟ್ಟಳು. ಆಮೇಲೆ ಒಳಗೆ ಹೋಗಿ ಬೆಲ್ಲದ ಡಬ್ಬಿ ತಂದಳು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಇವತ್ತು ಮನೆಗೆ ಹೋದ ಕೂಡಲೇ ನಿಮ್ಮ ಲ್ಯಾಪ್‌ಟಾಪಿನಲ್ಲಿ ಉಳಿದಿರುವ ವೈಫೈ ಹೆಸರುಗಳನ್ನು ಒಮ್ಮೆ ಓದಿರಿ. ಗುರುತಿಲ್ಲದವನ್ನು ಅಳಿಸಿರಿ. ಉಳಿದವುಗಳಲ್ಲಿ ತಾನಾಗಿಯೇ ಸೇರಿಕೊಳ್ಳಲಿ ಎಂಬಲ್ಲಿರುವ ಟಿಕ್ ಗುರುತನ್ನು ತೆಗೆಯಿರಿ. ಅರ್ಜಿ, ಬ್ಯಾಂಕು, ಪರೀಕ್ಷೆಯ ಕೆಲಸವಿದ್ದರೆ ವಾಯರ್ ಹಚ್ಚಿ, ವೈಫೈ ಬಂದ್ ಮಾಡಿರಿ. ವಾಯರಿಗೆ ಜಾಗವಿಲ್ಲದ ತೆಳ್ಳನೆಯ ಲ್ಯಾಪ್‌ಟಾಪ್ ಇದ್ದರೆ ಅದಕ್ಕೆ ಹೊಂದುವ ಸಣ್ಣ ಅಡಾಪ್ಟರ್ ಅಂಗಡಿಯಲ್ಲಿ ಸಿಗುತ್ತದೆ. ಫೋನಿಗೆ ಬಂದ ಅಂಕಿಗಳನ್ನು ವೈಫೈ ಕೇಳಿದರೆ ಕೊಡಬೇಡಿ. ಮೋಸವಾಗಿದೆ ಎನಿಸಿದರೆ ನಾಚಿಕೆಪಡದೆ ೧೯೩೦ಕ್ಕೆ ಫೋನ್ ಮಾಡಿರಿ.

ಬಾಗಿಲಿಗೆ ಬಂದವರಿಗೆ ನೀರು ಕೊಡುವುದನ್ನು ಮಾತ್ರ ಬಿಡಬೇಡಿ. ಶೆಟ್ಟೆವ್ವನ ಹರವಿ ಇಂದಿಗೂ ಅಲ್ಲೇ ಇದೆ. ಅದರ ಮೇಲಿನ ಗೋಡೆ ಖಾಲಿ ಇದೆ.