ಜುಡಿತ್ ಬರೆದ ನಾಲ್ಕನೆಯ ಸಾಲು

ವಿಮಾನ ಹೋಗಿ ಎಷ್ಟೋ ಹೊತ್ತಾಯಿತು, ಅದರ ಬಿಳಿ ಗೆರೆ ಮಾತ್ರ ರೆಡ್‌ವುಡ್ ಸಿಟಿಯ ಆಕಾಶದಲ್ಲಿ ಇನ್ನೂ ಅಳಿಸಿಲ್ಲ, ಶೇಷಗಿರಿಯವರ ಕೈಯೂ ಒಂದು ಕಾಲದಲ್ಲಿ ಇಷ್ಟೇ ನೇರವಾಗಿ ಎಳೆಯುತ್ತಿತ್ತು, ಸ್ಕೇಲು ಬೇಕಿರಲಿಲ್ಲ — ಅಪ್ಪಾ, ಒಂಬತ್ತಕ್ಕೆ ವಿಚಾರಣೆ ಲಿಂಕ್ ಓಪನ್ ಆಗತ್ತೆ, ನಂಗೆ ಮೀಟಿಂಗು ಇದೆ, ನಿಸರ್ಗಾ ಹೆಲ್ಪ್ ಮಾಡ್ತಾಳೆ, ಎಂದು ಮಗಳು ಹಂಸಾ ಕಾರಿನ ಕೀ ಹುಡುಕುತ್ತ ಹೇಳಿದಳು, ಇಲ್ಲಿ ಒಂಬತ್ತೆಂದರೆ ಲಂಡನ್ನಿನಲ್ಲಿ ಸಂಜೆ ಐದು, ಅಲ್ಲಿನ ಸರ್ಕಾರಿ ಇಲಾಖೆಯಲ್ಲಿ ಐದಕ್ಕೆ ಗುಮಾಸ್ತರ ಕುರ್ಚಿಯಿಂದೆದ್ದು ಸಂಜೆ ಕಾಲೇಜಿಗೆ ಓಟ, ಆಗ ತನಗೆ ಹತ್ತೊಂಬತ್ತು, ಮೈಸೂರು ಬಿಟ್ಟು ಎರಡು ವರ್ಷ, ಸುತ್ತ ಎಲ್ಲ ದೊಡ್ಡ ದೊಡ್ಡ ಕಾಲೇಜಿನವರು, ತನ್ನ ಇಂಗ್ಲಿಷು ಸರಿಯೋ ತಪ್ಪೋ ಎಂಬ ಅಂಜಿಕೆಯಲ್ಲೇ ವಾಕ್ಯ ಕತ್ತರಿಸಲು ಕಲಿತದ್ದು, ಕತ್ತರಿಸಿ ತೆಗೆದದ್ದರಲ್ಲಿ ತಪ್ಪಿರುವುದಿಲ್ಲವಲ್ಲ, ಹಾಗೆ ಕತ್ತರಿಸುತ್ತ ಕತ್ತರಿಸುತ್ತಲೇ ಇಲಾಖೆಯ ಎರಡನೆಯ ದೊಡ್ಡ ಕುರ್ಚಿ, ರಾಣಿಯ ಅರಮನೆಯಲ್ಲಿ ಪದಕ — ನನ್ನ ತರಕಾರಿ ಚೀಟೀನೂ ಬಿಡಲ್ಲ ನೀವು, ಕೊತ್ತಂಬರಿ ಎರಡು ಕಟ್ಟು ಅಂತ ಬರೆದ್ರೆ ಒಂದು ಮಾಡ್ತೀರಿ, ಹೆಂಡತಿ ರಮಾ ಆಗಲೂ ನಗುತ್ತಿದ್ದಳು, ಈಗಲೂ ಕಾಫಿ ಲೋಟ ಇಟ್ಟು ಅದನ್ನೇ ಹೇಳಿ ಹೋದಳು, ನಗಿಸಲೆಂದೇ ಇರಬೇಕು.

ಕಿರಿಯರು ಬರೆದ ಟಿಪ್ಪಣಿಯನ್ನು ಹಿರಿಯರು ಪೆನ್ಸಿಲ್ಲಿನಲ್ಲಿ ತಿದ್ದಬೇಕು, ತಿದ್ದಿದ ಹಾಳೆ ಚೂರಾಗಬೇಕು, ಮಂತ್ರಿಗೆ ಹೋಗುವ ಶುದ್ಧಪ್ರತಿಯಲ್ಲಿ ಬರೆದವರ ಹೆಸರೊಂದೇ ಉಳಿಯಬೇಕು, ಅದು ಪದ್ಧತಿ, ಮೋಸವೆಂದು ಯಾರಿಗೂ ಅನಿಸಿರಲಿಲ್ಲ, ತನಗೂ, ತನ್ನ ಕೈಕೆಳಗಿದ್ದ ಜುಡಿತ್ ಬರೆದದ್ದು ವೃದ್ಧಾಶ್ರಮಗಳಲ್ಲಿ ಕೋಣೆ ಬೆಚ್ಚಗಿಡುವ ಹಳೆಯ ಬಾಯ್ಲರುಗಳ ಬಗ್ಗೆ, ನಾಲ್ಕನೆಯ ಸಾಲು, ಚಳಿಗಾಲದೊಳಗೆ ಬದಲಿಸದಿದ್ದರೆ ವಿಷಗಾಳಿಗೆ ಜನ ಸಾಯುತ್ತಾರೆ — ಸಾಯುತ್ತಾರೆ ಎನ್ನಲೇಬೇಕೇ ಜುಡಿತ್, ಮಂತ್ರಿಗಳಿಗೆ ಗಾಬರಿಯಾಗುತ್ತದೆ — ಆಗಲೆಂದೇ ಬರೆದೆ, ಗಿರಿ — ಅವಳೆದುರೇ ಎಳೆದ ಗೆರೆ, ಜನವರಿಯಲ್ಲಿ ಆರು ಮಂದಿ, ನಿದ್ದೆಯಲ್ಲೇ, ಹನ್ನೊಂದು ವರ್ಷದ ಮೇಲೆ ಈಗ ವಿಚಾರಣೆ, ಎಚ್ಚರಿಸದ ಅಧಿಕಾರಿ ಎಂದು ಪತ್ರಿಕೆಗಳಲ್ಲಿ ಜುಡಿತ್‌ಳ ಫೋಟೋ, ಎಷ್ಟು ನರೆತಿದ್ದಾಳೆ, ಎಚ್ಚರಿಸಿದ್ದೆ ಎಂದು ಅವಳು ಹೇಳುತ್ತಲೇ ಇದ್ದಾಳೆ, ತೋರಿಸಲು ಆ ಹಾಳೆ ಇಲ್ಲ, ನೆನಪಿಲ್ಲ ಎಂದುಬಿಡಿ ಸಾಕು, ಎಪ್ಪತ್ತೆರಡಾಯಿತು, ಯಾರೂ ಅನುಮಾನಿಸುವುದಿಲ್ಲ, ಎಂದಿದ್ದರು ವಕೀಲರು — ತಾತಾ, ದೇ ಕ್ಯಾನ್ ಸೀ ಯೂ ನೌ, ಸಿಟ್ ಸ್ಟ್ರೇಟ್, ಮೊಮ್ಮಗಳು ನಿಸರ್ಗಾ ಕಾಲರು ಸರಿಮಾಡಿ ಬಾಗಿಲೆಳೆದುಕೊಂಡು ಹೋದಳು, ಪರದೆಯಲ್ಲಿ ವಿಚಾರಣೆಯ ಅಧ್ಯಕ್ಷೆ, ಅವರ ಹಿಂದಿನ ಸಾಲಿನಲ್ಲಿ ಆ ನರೆತ ತಲೆ, ಆ ವಾಕ್ಯ ತೆಗೆದವರು ಯಾರೆಂದು ನಿಮಗೆ ನೆನಪಿದೆಯೇ, ನೆನಪಿದೆ, ನಾನೇ ತೆಗೆದೆ, ಇಷ್ಟು ಹೇಳಿಯಾಯಿತು, ಪದ್ಧತಿಯ ಬಗ್ಗೆ ಬರೆದುಕೊಂಡಿದ್ದ ಮುಂದಿನ ಮಾತು ಲೋಟದ ಪಕ್ಕದಲ್ಲೇ ಇದೆ, ಓದಬಹುದು, ಓದಲಾಗುತ್ತಿಲ್ಲ, ಕಾಣುವುದು ಆ ಗೆರೆ, ಒತ್ತಿ ಎಳೆದದ್ದೂ ಅಲ್ಲ, ಎಷ್ಟು ತೆಳುವೆಂದರೆ ಅದರಡಿ ಅವಳ ಒಂದೊಂದು ಅಕ್ಷರವೂ, ಜನ ಸಾಯುತ್ತಾರೆ, ಸ್ಪಷ್ಟವಾಗಿ, ಜನ ಸಾಯುತ್ತಾರೆ, ಅದರ ಮೇಲೆ ಆ ನೇರ, ತೆಳು ಗೆರೆ